ಥೇಮ್ಸ್‌ನಲ್ಲಿ ಕೆಂಪು ಬೋರ್ಡು ಬಿದ್ದಾಗ: ನ್ಯಾರೋಬೋಟ್ ಪಯಣದ ನಡುವೆ ನೆರೆ ಇಳಿಯುವ ತನಕ ಕಾಯುವ ಬಗೆ

ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮವರಲ್ಲಿ ನ್ಯಾರೋಬೋಟ್ (ಕಾಲುವೆಯಲ್ಲಿ ಓಡಾಡುವ ಕಿರಿದಾದ, ಉದ್ದನೆಯ ದೋಣಿ) ಹುಚ್ಚು ಹತ್ತಿಸಿಕೊಂಡವರು ಅಲ್ಲಲ್ಲಿ ಸಿಗುತ್ತಾರೆ. ಮೊದಲು ವಾರಾಂತ್ಯಕ್ಕೆ ಬಾಡಿಗೆ ದೋಣಿ, ಆಮೇಲೆ ಒಂದು ವಾರ. ಕೊನೆಗೆ ಎಲ್ಲರ ಕಣ್ಣು ಬೀಳುವುದು ಥೇಮ್ಸ್ ರಿಂಗ್ ಮೇಲೆ. ಆಕ್ಸ್‌ಫರ್ಡ್ ಕಾಲುವೆಯಿಂದ ಥೇಮ್ಸ್ ನದಿಗೆ ಇಳಿದು, ಲಂಡನ್ನಿನ ಪಶ್ಚಿಮಕ್ಕಿರುವ ಬ್ರೆಂಟ್‌ಫರ್ಡ್‌ನಲ್ಲಿ ಗ್ರ್ಯಾಂಡ್ ಯೂನಿಯನ್ ಕಾಲುವೆ ಹಿಡಿದು, ಬ್ರಾನ್ಸ್‌ಟನ್ ಮೇಲಿಂದ ಮತ್ತೆ ಆಕ್ಸ್‌ಫರ್ಡ್ ಕಾಲುವೆ ಸೇರುವ ಸುತ್ತುಹಾದಿ ಅದು. ಸುಮಾರು 250 ಮೈಲಿ, 170ಕ್ಕೂ ಹೆಚ್ಚು ಲಾಕ್‌ಗಳು, ಅಂದರೆ ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಗೇಟಿನ ತೊಟ್ಟಿಗಳು. ದಿನಕ್ಕೆ ಏಳೆಂಟು ಗಂಟೆ ದೋಣಿ ನಡೆಸಿದರೂ ಎರಡು ವಾರ ಬೇಕು. ಆರಾಮವಾಗಿ ಹೋಗುವವರಿಗೆ ಮೂರು ವಾರವೂ ಸಾಲದು.

ಈ ಸುತ್ತಿನಲ್ಲಿ ಕಾಲುವೆಯ ಭಾಗ ಹೆಚ್ಚುಕಡಿಮೆ ನಿಂತ ನೀರು. ನದಿಯ ಭಾಗ ಹಾಗಲ್ಲ. ಆಕ್ಸ್‌ಫರ್ಡ್‌ನಿಂದ ಬ್ರೆಂಟ್‌ಫರ್ಡ್‌ವರೆಗಿನ ಸರಿಸುಮಾರು ನೂರು ಮೈಲಿಯಲ್ಲಿ ನೀರು ಏರಿದರೆ ಪಯಣ ಅಲ್ಲಿಗೆ ನಿಲ್ಲುತ್ತದೆ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಹೊರಟವರು ಇದನ್ನು ನಿರೀಕ್ಷಿಸಿಯೇ ಹೊರಡಬೇಕು. ಮೇ, ಜೂನ್ ತಿಂಗಳಲ್ಲೂ ಒಂದು ವಾರ ಜೋರು ಮಳೆ ಹಿಡಿದರೆ ಇದೇ ಕತೆ. ನೀರು ಏರುವಾಗ ಎಲ್ಲರೂ ಹಗ್ಗ ಹಿಡಿದು ಎಚ್ಚರವಾಗಿರುತ್ತಾರೆ. ಕಟ್ಟಿ ನಿಲ್ಲಿಸಿದ ದೋಣಿಗಳಿಗೆ ನಿಜವಾದ ಗಂಡಾಂತರ ಬರುವುದು ನೀರು ಇಳಿಯುವಾಗ, ಎಲ್ಲರೂ ಉಸ್ಸಪ್ಪಾ ಎಂದು ಮಲಗಿದ ಮೇಲೆ. ಮುಂದೆ ಹೇಳುವುದನ್ನೆಲ್ಲ ಈ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟು ಓದಿ.

ಮೊದಲು ನದಿಯ ಗುಣ ತಿಳಿದುಕೊಳ್ಳಿ

ಕಾವೇರಿ, ಕೃಷ್ಣೆಯ ಸುದ್ದಿ ಓದಿ ಬೆಳೆದವರಿಗೆ ನೆರೆ ಎಂದರೆ ಅಣೆಕಟ್ಟು ನೆನಪಾಗುತ್ತದೆ. ಕೆ.ಆರ್.ಎಸ್.ನಿಂದ ಇಷ್ಟು ಸಾವಿರ ಕ್ಯೂಸೆಕ್ ಬಿಟ್ಟರು, ನಾಳೆ ಬೆಳಿಗ್ಗೆ ಶ್ರೀರಂಗಪಟ್ಟಣದಲ್ಲಿ ಹೀಗಾಗುತ್ತದೆ ಎಂಬ ಲೆಕ್ಕ ನಮ್ಮದು. ಥೇಮ್ಸ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಲೆಚ್ಲೇಡ್‌ನಿಂದ ಟೆಡಿಂಗ್ಟನ್‌ವರೆಗೆ 44 ಲಾಕ್‌ಗಳಿವೆ, ಒಂದೊಂದರ ಪಕ್ಕದಲ್ಲೂ ವಿಯರ್ ಎಂಬ ತಗ್ಗು ಒಡ್ಡು ಇದೆ. ಈ ಒಡ್ಡುಗಳು ಬೇಸಿಗೆಯಲ್ಲಿ ದೋಣಿ ತೇಲುವಷ್ಟು ನೀರು ನಿಲ್ಲಿಸಲು ಕಟ್ಟಿದವು. ಮಳೆನೀರನ್ನು ಹಿಡಿದಿಟ್ಟುಕೊಳ್ಳುವ ಜಾಗ ಅವುಗಳ ಹಿಂದೆ ಇಲ್ಲ. ನೆರೆ ಬಂದಾಗ ಲಾಕ್ ಕೀಪರ್‌ಗಳು ಗೇಟುಗಳನ್ನೆಲ್ಲ ಎತ್ತಿಬಿಡುತ್ತಾರೆ, ಅಲ್ಲಿಗೆ ಅವರ ಕೈಲಾದದ್ದು ಮುಗಿಯಿತು. ‘ಗೇಟು ತೆರೆದರೆ ನಾಳೆಗೆ ಇಳಿಯುತ್ತದಲ್ಲವೇ’ ಎಂದು ಅವರನ್ನು ಕೇಳಬೇಡಿ, ನಗುತ್ತಾರೆ.

ಇನ್ನೊಂದು, ಈ ನದಿ ನಿಧಾನಿ. ಮೇಲ್ಭಾಗಕ್ಕೆ ನೀರು ಬರುವುದು ಕಾಟ್ಸ್‌ವಲ್ಡ್ಸ್ ಸುಣ್ಣಕಲ್ಲಿನ ಬೆಟ್ಟಗಳಿಂದ, ರೆಡಿಂಗ್ ಬಳಿ ಸೇರುವ ಕೆನೆಟ್ ನದಿಗೆ ಚಾಕ್ ಕಲ್ಲಿನ ನೆಲದಿಂದ. ಇಂಥ ನೆಲ ಮಳೆಯನ್ನು ಕುಡಿದು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಆಕ್ಸ್‌ಫರ್ಡ್‌ನಲ್ಲಿ ಸೇರುವ ಚರ್ವೆಲ್ ಹರಿಯುವುದು ಬಹುಪಾಲು ಜೇಡಿನೆಲದಲ್ಲಿ. ಹಾಗಾಗಿ ಅದು ಬೇಗ ಏರಿ ಬೇಗ ಇಳಿಯುತ್ತದೆ. ಇದರಿಂದ ನಿಮಗೆ ತಿಳಿಯಬೇಕಾದ್ದು: ಮಳೆ ನಿಂತ ಮೇಲೂ ಥೇಮ್ಸ್ ಒಂದೆರಡು ದಿನ ಏರುತ್ತಲೇ ಇರುತ್ತದೆ, ಮೇಲ್ಭಾಗದ ಏರಿಕೆ ಕೆಳಕ್ಕೆ ಬರಲು ಇನ್ನೂ ಕೆಲವು ದಿನ ಹಿಡಿಯುತ್ತದೆ. 2024ರ ಜನವರಿ 2ರಂದು ಹೆಂಕ್ ಚಂಡಮಾರುತದ ಮಳೆ ಸುರಿಯಿತು. ಕೆಳಭಾಗದ ಥೇಮ್ಸ್ ದಂಡೆಯ ಊರುಗಳಲ್ಲಿ ಮುಂದಿನ ವಾರವೂ ನೆರೆ ಎಚ್ಚರಿಕೆ ಜಾರಿಯಲ್ಲಿತ್ತು. ಬಿಸಿಲು ಬಂತೆಂದು ಹಗ್ಗ ಬಿಚ್ಚುವವರಿಗೆ ಈ ಒಂದು ಉದಾಹರಣೆ ಸಾಕು.

ಬೋರ್ಡು ಓದುವುದು

ಟೆಡಿಂಗ್ಟನ್‌ವರೆಗಿನ ಥೇಮ್ಸ್‌ನಲ್ಲಿ ದೋಣಿ ಸಂಚಾರ ನೋಡಿಕೊಳ್ಳುವುದು ಎನ್ವಿರಾನ್‌ಮೆಂಟ್ ಏಜೆನ್ಸಿ. ಪ್ರತಿ ಲಾಕ್‌ನಲ್ಲೂ ಬೋರ್ಡು ತೂಗುಹಾಕುತ್ತಾರೆ, ಅದೇ ಮಾಹಿತಿ ಅವರ ಜಾಲತಾಣದಲ್ಲೂ ಸಿಗುತ್ತದೆ.

ಬೋರ್ಡೇ ಇಲ್ಲದಿದ್ದರೆ ಮಾಮೂಲು ಸ್ಥಿತಿ. ಹಳದಿ ಬೋರ್ಡಿನಲ್ಲಿ ಎರಡು ಬಗೆ, ಇಲ್ಲೇ ಹೊಸಬರು ಎಡವುವುದು. ‘ಸ್ಟ್ರೀಮ್ ಇನ್‌ಕ್ರೀಸಿಂಗ್’ ಎಂದಿದ್ದರೆ ಸೆಳವು ಏರುತ್ತಿದೆ ಎಂದರ್ಥ: ಹುಟ್ಟು ಹಾಕುವ ದೋಣಿಗಳು ನೀರಿಗಿಳಿಯಬಾರದು, ಎಂಜಿನ್ ದೋಣಿಗಳು ಸುರಕ್ಷಿತ ಜಾಗ ಹುಡುಕಿ ಕಟ್ಟಿಕೊಳ್ಳಬೇಕು. ‘ಸ್ಟ್ರೀಮ್ ಡಿಕ್ರೀಸಿಂಗ್’ ಎಂದಿದ್ದರೆ ಸೆಳವು ಇಳಿಮುಖ: ಎಂಜಿನ್ ದೋಣಿಗಳು ಎಚ್ಚರದಿಂದ ಹೋಗಬಹುದು. ಬಣ್ಣ ಒಂದೇ, ಸಂದೇಶ ಬೇರೆ. ಆದ್ದರಿಂದ ದೂರದಿಂದ ಬಣ್ಣ ನೋಡಿ ಸುಮ್ಮನಾಗದೆ ಅಕ್ಷರ ಓದಿ. ಕೆಂಪು ಬೋರ್ಡು ಬಿದ್ದರೆ ಯಾವ ದೋಣಿಯೂ ಹೊರಡಬಾರದು ಎಂಬುದು ಏಜೆನ್ಸಿಯ ಸಲಹೆ. ಸಲಹೆ ಎಂಬ ಮೆತ್ತನೆಯ ಮಾತು ಕೇಳಿ ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಂಪು ಬೋರ್ಡಿನಲ್ಲಿ ದೋಣಿ ಓಡಿಸಿ ಆದ ಅಪಘಾತಕ್ಕೆ ವಿಮೆ ಸಿಗದೇ ಹೋಗಬಹುದು; ನಿಮ್ಮ ಪಾಲಿಸಿಯಲ್ಲಿ ಏನು ಬರೆದಿದೆ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ. ಬಾಡಿಗೆ ದೋಣಿಯಾದರೆ ಒಪ್ಪಂದದಲ್ಲೇ ಸಾಮಾನ್ಯವಾಗಿ ಈ ಷರತ್ತು ಇರುತ್ತದೆ.

ಒಂದು ಲಾಕ್‌ನಿಂದ ಇನ್ನೊಂದು ಲಾಕ್‌ವರೆಗಿನ ತುಂಡಿಗೆ ಅದರದೇ ಬೋರ್ಡು. ಆಕ್ಸ್‌ಫರ್ಡ್‌ನಲ್ಲಿ ಬೋರ್ಡು ತೆಗೆದಿದ್ದರೂ ಕೆಳಗೆ ಮಾರ್ಲೋ ಕಡೆ ಕೆಂಪು ಇರಬಹುದು. ಇವತ್ತು ಹೋಗಿ ಎಲ್ಲಿ ನಿಲ್ಲುತ್ತೇನೆ ಎಂಬುದು ಗೊತ್ತಿಲ್ಲದೆ ಹೊರಡಬೇಡಿ.

ಬೋರ್ಡಿನ ಜತೆಗೆ ಸರ್ಕಾರದ ‘ಚೆಕ್ ಫಾರ್ ಫ್ಲಡಿಂಗ್’ ಪುಟದಲ್ಲಿ ಮಾಪನ ಕೇಂದ್ರಗಳ ನೀರಿನ ಮಟ್ಟ ರೇಖಾಚಿತ್ರವಾಗಿ ಸಿಗುತ್ತದೆ. ಅಂಕಿಗಿಂತ ಗೆರೆ ಯಾವ ಕಡೆ ವಾಲುತ್ತಿದೆ ಎಂಬುದನ್ನು ನೋಡಿ. ನಿಮ್ಮ ಜಾಗದ ಕೇಂದ್ರವನ್ನಷ್ಟೇ ನೋಡಿದರೆ ಈಗ ಏನಾಗುತ್ತಿದೆ ಎಂದು ತಿಳಿಯುತ್ತದೆ, ನಿಮಗಿಂತ ಮೇಲಿನ ಎರಡು ಮೂರು ಕೇಂದ್ರ ನೋಡಿದರೆ ನಾಳೆ ಏನಾಗಬಹುದು ಎಂದು. ಫೋನಿನಲ್ಲಿ ಕೇಳಬೇಕೆಂದರೆ ಫ್ಲಡ್‌ಲೈನ್ ಸಂಖ್ಯೆ 0345 988 1188, ದಿನದ 24 ಗಂಟೆಯೂ ಇರುತ್ತದೆ.

ಆಕ್ಸ್‌ಫರ್ಡ್ ಕಾಲುವೆಯಲ್ಲೇ ಇದ್ದೀರಿ, ಇನ್ನೂ ನದಿಗೆ ಇಳಿದಿಲ್ಲ ಎಂದುಕೊಳ್ಳಿ. ಅಲ್ಲೂ ಒಂದು ಮೋಸದ ಜಾಗವಿದೆ. ಬೇಕರ್ಸ್ ಲಾಕ್‌ನಿಂದ ಶಿಪ್ಟನ್ ವಿಯರ್ ಲಾಕ್‌ವರೆಗೆ ಸುಮಾರು ಒಂದು ಮೈಲಿ ಕಾಲುವೆ ಎಂಬುದೇ ಇಲ್ಲ. ದೋಣಿ ಚರ್ವೆಲ್ ನದಿಯೊಳಗೇ ಹೋಗಬೇಕು. ಅದಕ್ಕಿಂತ ಮೇಲೆ ಏನ್ಹೋ ಬಳಿ ಚರ್ವೆಲ್ ಕಾಲುವೆಯನ್ನು ಅಡ್ಡಲಾಗಿ, ಒಂದೇ ಮಟ್ಟದಲ್ಲಿ ದಾಟುತ್ತದೆ. ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಇಂಥ ಕಡೆ ಹಸಿರು, ಹಳದಿ, ಕೆಂಪು ಪಟ್ಟಿಯ ಮಟ್ಟಸೂಚಿ ಹಾಕಿರುತ್ತದೆ. ನೀರು ಕೆಂಪು ಪಟ್ಟಿ ಮುಟ್ಟಿದ್ದರೆ ಲಾಕ್ ಮೇಲೆಯೇ ನಿಲ್ಲಿ. ಹಾಗೆ ನಿಲ್ಲಬೇಕಾಗಿ ಬಂದರೆ ಬೇಸರ ಬೇಡ. ಈ ಇಡೀ ಪಯಣದಲ್ಲಿ ಕಾಯಲು ಇದಕ್ಕಿಂತ ನಿಶ್ಚಿಂತೆಯ ಜಾಗ ಸಿಗುವುದಿಲ್ಲ.

ಮಳೆಗೆ ಮೊದಲೇ ಜಾಗ ಗೊತ್ತುಮಾಡಿಕೊಳ್ಳಿ

ನೆರೆ ಬಂದ ಮೇಲೆ ಜಾಗ ಹುಡುಕುವುದು ತಡವಾದ ಮಾತು. ಹವಾಮಾನ ಇಲಾಖೆ ಎರಡು ದಿನ ಜೋರು ಮಳೆ ಎಂದರೆ, ಅಥವಾ ಹಳದಿ ಬೋರ್ಡು ಏರಿಕೆ ತೋರಿಸಿದರೆ, ಆ ಮಧ್ಯಾಹ್ನವೇ ಕಟ್ಟಲು ಹೊರಡಿ. ರಾತ್ರಿಯೊಳಗೆ ಇನ್ನೂ ಹತ್ತು ಮೈಲಿ ಹೋಗಿಬಿಡೋಣ ಎಂಬ ಆಸೆ ಬಿಡಿ.

ನಾನು ಜಾಗಗಳನ್ನು ತೂಗುವುದು ಹೀಗೆ. ಎಲ್ಲಕ್ಕಿಂತ ಮೇಲು ಕಾಲುವೆ. ಆಕ್ಸ್‌ಫರ್ಡ್‌ನಲ್ಲಿದ್ದರೆ ಐಸಿಸ್ ಲಾಕ್ ಹತ್ತಿ ಕಾಲುವೆ ಸೇರಿಕೊಳ್ಳಿ. ಮೇಲುಗಡೆಯಿಂದ ಬರುವವರಿಗೆ ನದಿಯಿಂದ ಕಾಲುವೆಗೆ ಸೇರಿಸುವ ಡ್ಯೂಕ್ಸ್ ಕಟ್ ಇದೆ. ಆಮೇಲೆ ತೇಲುವ ಜೆಟ್ಟಿ (ದೋಣಿ ಕಟ್ಟುವ ಕಟ್ಟೆ) ಇರುವ ಮರೀನಾ, ಅಂದರೆ ದೋಣಿ ನಿಲ್ದಾಣ: ರೆಡಿಂಗ್ ಬಳಿಯ ಕ್ಯಾವರ್‌ಶಮ್‌ನಲ್ಲಿ, ಬ್ರೇಯಲ್ಲಿ, ಪೆಂಟನ್ ಹುಕ್‌ನಲ್ಲಿ ದೊಡ್ಡವೇ ಇವೆ. ದುಡ್ಡು ಹೋಗುತ್ತದೆ, ನಿದ್ದೆ ಬರುತ್ತದೆ. ತೇಲುವ ಜೆಟ್ಟಿ ನೀರಿನ ಜತೆಗೇ ಏರಿಳಿಯುವುದರಿಂದ ಹಗ್ಗದ ಚಿಂತೆ ಬಹುಪಾಲು ಇಲ್ಲ. ಒಂದೇ ವಿಷಯ ನೋಡಿ, ಜೆಟ್ಟಿಯನ್ನು ಹಿಡಿದಿರುವ ಕಂಬಗಳು ಸಾಕಷ್ಟು ಎತ್ತರವಿರಬೇಕು.

ಇವೆರಡೂ ಕೈಗೆ ಸಿಗದಿದ್ದರೆ ಲಾಕ್ ಕಟ್. ನದಿ ವಿಯರ್ ಕಡೆ ಹರಿದುಹೋಗುವಾಗ ಲಾಕ್‌ಗೆಂದು ತೋಡಿದ ಪಕ್ಕದ ಕಿರುಗಾಲುವೆ ಇದು. ಸೆಳವಿನ ಮುಖ್ಯ ಪಾಲು ವಿಯರ್‌ನಲ್ಲೇ ಇಳಿದುಹೋಗುವುದರಿಂದ ಕಟ್‌ನೊಳಗೆ ನೀರು ಶಾಂತ. ಆದರೆ ಕಟ್‌ನ ಮೇಲ್ತುದಿ, ಅಂದರೆ ವಿಯರ್ ಕಡೆಗೆ ನದಿ ಕವಲೊಡೆಯುವ ಬಾಯಿ, ಬೇಡವೇ ಬೇಡ. ಲಾಕ್ ಕೀಪರ್ ಇದ್ದರೆ ಹೋಗಿ ಕೇಳಿ. ಕಳೆದ ನೆರೆಯಲ್ಲಿ ಯಾವ ಕಲ್ಲಿನವರೆಗೆ ನೀರು ಬಂದಿತ್ತು ಎಂದು ಕಾಲಲ್ಲೇ ತೋರಿಸುತ್ತಾರೆ. ನಕಾಶೆಗಿಂತ ಆ ಕಾಲಿನ ಗುರುತು ಹೆಚ್ಚು ಬೆಲೆಯದು.

ಬೇಡದ ಜಾಗಗಳಲ್ಲಿ ಮೊದಲನೆಯದು ತಗ್ಗಾದ ಹುಲ್ಲುಗಾವಲಿನ ದಡ. ಬೇಸಿಗೆಯಲ್ಲಿ ಅದರಷ್ಟು ಚೆಂದದ ಜಾಗ ಇಲ್ಲ, ನೆರೆಯಲ್ಲಿ ಅದರಷ್ಟು ಕೆಟ್ಟದ್ದೂ ಇಲ್ಲ. ನೀರು ದಡ ಮೀರಿ ಹೊಲಕ್ಕೆ ಹರಡಿದಾಗ ದೋಣಿ ತೇಲಿಕೊಂಡು ದಡದ ಮೇಲೇರುತ್ತದೆ. ಎರಡನೆಯದು ನದಿ ತಿರುವಿನ ಹೊರಬದಿ. ಸೆಳವೂ ಅಲ್ಲೇ ಬಡಿಯುತ್ತದೆ, ತೇಲಿಬರುವ ಮರಗಳೂ ಅಲ್ಲೇ. ದೊಡ್ಡ ಮರದ ಕೆಳಗೂ ಬೇಡ. ಉಪನದಿ ಕಂಡ ಕೂಡಲೇ ಆಸರೆ ಎಂದುಕೊಳ್ಳುವುದೂ ತಪ್ಪು. ವೇಬ್ರಿಜ್ ಬಳಿ ಸೇರುವ ವೇ, ರೆಡಿಂಗ್‌ನಲ್ಲಿ ಸೇರುವ ಕೆನೆಟ್ ಎರಡೂ ಸ್ವತಃ ನೆರೆ ಬರುವ ನದಿಗಳೇ.

ರೈಲು ನಿಲ್ದಾಣ ಹತ್ತಿರವಿದೆಯೇ ಎಂದೂ ನೋಡಿ. ವಾರಗಟ್ಟಲೆ ನಿಲ್ಲಬೇಕಾದರೆ ಒಬ್ಬರಾದರೂ ಕೆಲಸಕ್ಕೆ, ಮನೆಗೆ ಹೋಗಿಬರಬೇಕಾಗುತ್ತದೆ. ಗೋರಿಂಗ್, ಪ್ಯಾಂಗ್‌ಬೋರ್ನ್, ರೆಡಿಂಗ್, ಹೆನ್ಲಿ, ಮಾರ್ಲೋ, ಮೇಡನ್‌ಹೆಡ್, ವಿಂಡ್ಸರ್‌ನಲ್ಲಿ ರೈಲಿದೆ. ಅಬಿಂಗ್ಡನ್, ವಾಲಿಂಗ್‌ಫರ್ಡ್ ಚೆಂದದ ಊರುಗಳು, ಆದರೆ ಲಂಡನ್ ಕಡೆಯ ರೈಲು ಹಿಡಿಯಲು ಅಲ್ಲಿಂದ ಬಸ್ಸು ಹತ್ತಬೇಕು.

ಹಗ್ಗ

ಇಲ್ಲಿ ಸ್ವಲ್ಪ ನಿಧಾನಿಸೋಣ, ಏಕೆಂದರೆ ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ.

ದೋಣಿಯ ಮೂಗು ನದಿ ಬರುವ ದಿಕ್ಕಿಗೆ ಇರಲಿ. ಮೂಗು ನೀರನ್ನು ಸೀಳುತ್ತದೆ. ಹಿಂಬದಿ ಎದುರಾದರೆ ಚುಕ್ಕಾಣಿ, ಪ್ರೊಪೆಲರ್ ಮೇಲೆ ಕಸ ಬಂದು ಕೂರುತ್ತದೆ. ಕಟ್ಟುವಾಗ ಮೇಲ್ಗಡೆಯ ಹಗ್ಗ ಮೊದಲು ಹಾಕಿ, ಬಿಚ್ಚುವಾಗ ಕೊನೆಗೆ ಬಿಚ್ಚಿ.

ಕಾಲುವೆಯಲ್ಲಿ ನಾವು ಹಗ್ಗವನ್ನು ಮೋಟಾಗಿ, ಬಿಗಿಯಾಗಿ ಕಟ್ಟುತ್ತೇವೆ. ನದಿಯಲ್ಲಿ ಹಾಗೆ ಕಟ್ಟಿದರೆ ಅಪಾಯ. ಲೆಕ್ಕ ಹಾಕಿ ನೋಡಿ. ಗೂಟದಿಂದ ದೋಣಿಗೆ 2 ಮೀಟರ್ ಹಗ್ಗ ಮಟ್ಟವಾಗಿದೆ ಎನ್ನಿ. ನೀರು 1 ಮೀಟರ್ ಏರಿದರೆ ಆ ಹಗ್ಗ ಸುಮಾರು 24 ಸೆಂಟಿಮೀಟರ್ ಉದ್ದವಾಗಬೇಕು. ಅದೇ ಹಗ್ಗ ದಡದುದ್ದಕ್ಕೂ ಹಿಂದೆ ಮುಂದೆ ಚಾಚಿ 8 ಮೀಟರ್ ಇದ್ದರೆ ಬೇಕಾಗುವುದು ಬರೀ 6 ಸೆಂಟಿಮೀಟರ್. ಅಷ್ಟನ್ನು ಹಗ್ಗದ ಸಡಿಲವೇ ಕೊಡುತ್ತದೆ. ಆದ್ದರಿಂದ ಉದ್ದ ಹಗ್ಗ, ದೂರದ ಗೂಟ. ಮೂಗಿನಿಂದ ಮುಂದಕ್ಕೊಂದು, ಹಿಂಬದಿಯಿಂದ ಹಿಂದಕ್ಕೊಂದು, ನಡುವಿನಿಂದ ಎರಡೂ ಕಡೆಗೆ ಓರೆಯಾಗಿ ಇನ್ನೆರಡು. ಈ ಓರೆ ಹಗ್ಗಗಳಿಗೆ ಸ್ಪ್ರಿಂಗ್ ಎನ್ನುತ್ತಾರೆ. ದೋಣಿ ಹಿಂದೆ ಮುಂದೆ ಜಗ್ಗದಂತೆ ತಡೆಯುವುದು ಇವೇ. ನಡುಹಗ್ಗವನ್ನು ಚಾವಣಿಯಿಂದ ನೇರ ದಡಕ್ಕೆ ಬಿಗಿಯುವ ಅಭ್ಯಾಸ ಹಲವರಿಗಿದೆ. ನೀರು ಏರಿದಾಗ ಆ ಹಗ್ಗ ಚಾವಣಿಯನ್ನೇ ಹಿಡಿದೆಳೆದು ದೋಣಿಯನ್ನು ಓರೆ ಮಾಡುತ್ತದೆ. ನೆರೆಗಾಲದಲ್ಲಿ ಅದನ್ನು ತೆಗೆದುಬಿಡಿ.

ನೆನೆದ ನೆಲದಲ್ಲಿ ಗೂಟ ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಬರುತ್ತದೆ. ಒಂದು ಹಗ್ಗಕ್ಕೆ ಎರಡು ಗೂಟ ಹಾಕಿ, ಒಂದರ ಹಿಂದೊಂದು, ದೋಣಿಗೆ ಬೆನ್ನು ಕೊಟ್ಟು ವಾಲಿಸಿ ಹೊಡೆಯಿರಿ. ದಡಕ್ಕೆ ಕಬ್ಬಿಣದ ತಗಡಿನ ಪಟ್ಟಿಯಿದ್ದರೆ ಅದಕ್ಕೆ ಸಿಕ್ಕಿಸುವ ಕೊಂಡಿಗಳು ಗೂಟಕ್ಕಿಂತ ವಾಸಿ. ಕಲ್ಲಿನಲ್ಲಿ ನೆಟ್ಟ ಬಳೆ ಸಿಕ್ಕರೆ ಇನ್ನೂ ವಾಸಿ. ಆದರೆ ಬಳೆ ನಾಳೆ ನೀರಿನಡಿ ಹೋಗಬಹುದು, ಆಗ ಗಂಟು ಬಿಚ್ಚಲು ಕೈಗೆ ಸಿಗದು. ಅದಕ್ಕೆ ಹಗ್ಗವನ್ನು ಬಳೆಯೊಳಗೆ ತೂರಿಸಿ ವಾಪಸು ತಂದು ಎರಡೂ ತುದಿಯನ್ನು ದೋಣಿಯ ಮೇಲೇ ಕಟ್ಟಿಕೊಳ್ಳಿ. ಸಡಿಲಿಸುವುದು, ಬಿಗಿಯುವುದು, ಬಿಚ್ಚುವುದು ಎಲ್ಲವೂ ದೋಣಿ ಮೇಲಿಂದಲೇ ಆಗಬೇಕು. ಒಂದು ಹರಿತವಾದ ಚಾಕು ಹಿಂಬಾಗಿಲ ಪಕ್ಕ ಇರಲಿ. ಬಿಚ್ಚಲಾಗದ ಹಗ್ಗವನ್ನು ಕತ್ತರಿಸಲು.

ದಡ ಮುಳುಗುವ ಮೊದಲೇ ಅದರ ಅಂಚಿಗೆ ಎರಡು ಎತ್ತರದ ಕೋಲು ನೆಡಿ, ಒಂದು ಮೂಗಿನ ಬಳಿ, ಒಂದು ಹಿಂಬದಿಯಲ್ಲಿ. ರಾಡಿ ನೀರು ಎಲ್ಲ ಕಡೆ ಹರಡಿದ ಮೇಲೆ ದಡ ಎಲ್ಲಿತ್ತು ಎಂದು ಹೇಳುವುದು ಅವೇ. ಆ ಬಳಿಕ ದೋಣಿ ದಡದ ಮೇಲೆ ತೇಲದಂತೆ ತಡೆಯಲು ಉದ್ದನೆಯ ಕಂಬ ಬೇಕು. ದೋಣಿ ಮತ್ತು ದಡದ ನಡುವೆ, ನೀರಿನೊಳಗೆ ನೆಟ್ಟಗೆ ಇಳಿಸಿ, ದೋಣಿಗೆ ಸಡಿಲವಾಗಿ ಕಟ್ಟಿದ ಎರಡು ಸ್ಕ್ಯಾಫೋಲ್ಡಿಂಗ್ ಕೊಳವೆಗಳು ಈ ಕೆಲಸ ಚೆನ್ನಾಗಿ ಮಾಡುತ್ತವೆ. ದೋಣಿ ಅವುಗಳ ಪಕ್ಕದಲ್ಲೇ ಏರಿ ಇಳಿಯುತ್ತದೆ, ದಡದ ಮೇಲೆ ಮಾತ್ರ ಬರುವುದಿಲ್ಲ. ಹಲಗೆಯನ್ನು ಅಡ್ಡ ಕೊಟ್ಟು ದೂರ ತಳ್ಳಿಟ್ಟುಕೊಳ್ಳುವವರೂ ಇದ್ದಾರೆ, ಆದರೆ ಹಲಗೆ ರಾತ್ರಿ ಜಾರಿಹೋಗುತ್ತದೆ.

ಏರುವಾಗ, ಇಳಿಯುವಾಗ

ಏರುವಾಗ ಕೆಲಸ ಸರಳ. ಕೆಲವು ಗಂಟೆಗೊಮ್ಮೆ ಹೊರಗೆ ಬಂದು ಹಗ್ಗ ನೋಡಿ, ಬಿಗಿಯಾದದ್ದನ್ನು ಸಡಿಲಿಸಿ. ಮೂಗಿಗೆ ಸಿಕ್ಕಿಕೊಂಡ ಕೊಂಬೆರೆಂಬೆಯನ್ನು ಕೋಲಿನಿಂದ ತಳ್ಳಿ. ಒಂದು ಕೊಂಬೆ ನಿಂತರೆ ಅದಕ್ಕೆ ಹತ್ತು ಕೊಂಬೆ ಸೇರಿ ಒಡ್ಡೇ ಆಗಿಬಿಡುತ್ತದೆ, ಅದರ ಮೇಲೆ ಬೀಳುವ ನೀರಿನ ಒತ್ತಡ ಪೂರ್ತಿ ಹಗ್ಗದ ಮೇಲೆ. ಹೊರಗೆ ಬರುವ ಮೊದಲು ಲೈಫ್ ಜಾಕೆಟ್ ಹಾಕಿ, ಹಗಲಾದರೂ ಸರಿ. ಕತ್ತಲಲ್ಲಿ ಒಬ್ಬರೇ ದೋಣಿಯ ಅಂಚಿನಲ್ಲಿ ನಡೆಯಬೇಡಿ.

ಇಳಿಯುವಾಗ ಏನಾಗುತ್ತದೆ ಎಂದರೆ: ದೋಣಿಯ ಒಂದು ಬದಿ ಅಥವಾ ತಳದ ಅಂಚು ಮುಳುಗಿದ್ದ ದಡದ ಮೇಲೆ ಕೂರುತ್ತದೆ. ನೀರು ಇನ್ನೂ ಇಳಿಯುತ್ತದೆ. ದಡದ ಬದಿ ಅಲ್ಲೇ ನಿಂತು ನದಿ ಬದಿ ಕೆಳಗೆ ಹೋಗುತ್ತದೆ. ನ್ಯಾರೋಬೋಟ್ ಬರೀ 2.08 ಮೀಟರ್ ಅಗಲದ, ಕೆಲವೊಮ್ಮೆ 20 ಮೀಟರಿಗೂ ಉದ್ದದ ಉಕ್ಕಿನ ಪೆಟ್ಟಿಗೆ. ಸಿಂಕ್, ಸ್ನಾನದ ನೀರು ಹೊರಹೋಗುವ ತೂತುಗಳು ನೀರಿನ ಮಟ್ಟದಿಂದ ಹೆಚ್ಚು ಎತ್ತರದಲ್ಲಿ ಇರುವುದಿಲ್ಲ. ದೋಣಿ ವಾಲಿ ಅವು ನೀರಿನಡಿ ಹೋದರೆ, ಕೊಳಾಯಿ ತಿರುಗಿಸಿದಂತೆ ನದಿಯೇ ಒಳಗೆ ಬರುತ್ತದೆ. ಬಿಗಿಯಾಗಿ ಬಿಟ್ಟ ಹಗ್ಗವೂ ಇದೇ ಕೆಲಸ ಮಾಡೀತು: ಗಂಟು ದಡದ ಎತ್ತರದಲ್ಲಿ ಉಳಿಯುತ್ತದೆ, ದೋಣಿ ಇಳಿಯಲು ನೋಡುತ್ತದೆ, ಕೊನೆಗೆ ಹಗ್ಗಕ್ಕೆ ನೇತುಬೀಳುತ್ತದೆ.

ಹಾಗಾಗಿ ರೇಖಾಚಿತ್ರದ ಗೆರೆ ಕೆಳಮುಖವಾಯಿತು ಎಂದು ಕಂಡ ದಿನ ಸಂಭ್ರಮ ಬೇಡ, ಪಾಳಿ ಹಾಕಿ. ಮನೆಮಂದಿ ನಾಲ್ವರಿದ್ದರೆ ರಾತ್ರಿಯನ್ನು ನಾಲ್ಕು ಪಾಳಿ ಮಾಡಿ. ಒಂದು ಬೌಲಿನಲ್ಲಿ ನೀರಿಟ್ಟು ಮೇಜಿನ ಮೇಲಿಡಿ, ಅಥವಾ ಫೋನಿನ ಮಟ್ಟ ತೋರಿಸುವ ಆ್ಯಪ್ ಹಾಕಿ. ಸ್ವಲ್ಪ ಓರೆ ಕಂಡಕೂಡಲೇ ಎದ್ದು ಹಗ್ಗ ಸಡಿಲಿಸಿ, ಕೋಲಿನಿಂದ ದೋಣಿಯನ್ನು ದಡದಿಂದ ಹೊರಕ್ಕೆ ತಳ್ಳಿ. ಎರಡು ಬೆರಳು ನೀರು ಇಳಿದಾಗ ಒಬ್ಬರು ತಳ್ಳಬಹುದಾದ ದೋಣಿ, ಒಂದು ಗೇಣು ಇಳಿದ ಮೇಲೆ ಹತ್ತು ಜನಕ್ಕೂ ಜಗ್ಗುವುದಿಲ್ಲ. ಹದಿನೈದು ಟನ್ ಉಕ್ಕು ಅದು. ಆಗಲೇ ಓರೆ ಜಾಸ್ತಿಯಾಗಿದ್ದರೆ ದೋಣಿಯನ್ನು ಉಳಿಸುವ ಸಾಹಸ ಬಿಟ್ಟು ಎಲ್ಲರೂ ದಡ ಸೇರಿ, ನೆರವಿಗೆ ಕರೆ ಮಾಡಿ. ಪ್ರಾಣಾಪಾಯಕ್ಕೆ 999. ಕಾಲುವೆ ಟ್ರಸ್ಟಿನ ತುರ್ತು ಸಂಖ್ಯೆ 0800 47 999 47. ಥೇಮ್ಸ್‌ಗೆ ಎನ್ವಿರಾನ್‌ಮೆಂಟ್ ಏಜೆನ್ಸಿಯ 0800 80 70 60.

ಕರೆ ಮಾಡುವಾಗ ಎಲ್ಲಿದ್ದೀರಿ ಎಂದು ಹೇಳಬೇಕಲ್ಲ. ‘ನದಿ ಮೇಲೆ, ಮರದ ಹತ್ತಿರ’ ಎಂದರೆ ಆಗದು. ಕಟ್ಟಿದ ಕೂಡಲೇ ಒಂದು ಚೀಟಿಯಲ್ಲಿ ಮೇಲಿನ ಲಾಕ್, ಕೆಳಗಿನ ಲಾಕ್, ಯಾವ ದಡ, ಹತ್ತಿರದ ರಸ್ತೆ ಎಲ್ಲ ಬರೆದು ಬಾಗಿಲಿಗೆ ಅಂಟಿಸಿ. ಮಕ್ಕಳೂ ಓದುವಂತಿರಲಿ.

ದಡ ಮುಳುಗಿರುವಾಗ ನೀರಿನಲ್ಲಿ ನಡೆದು ರಸ್ತೆಗೆ ಹೋಗುವ ಯೋಚನೆ ಬೇಡ. ಕಾಲ್ದಾರಿಯ ಅಂಚು ಕಾಣುವುದಿಲ್ಲ, ಹಳ್ಳಕೊಳ್ಳ ಕಾಣುವುದಿಲ್ಲ. ರಭಸದ ನೀರು ಮೊಣಕಾಲು ಮುಟ್ಟುವ ಮೊದಲೇ ಬೀಳಿಸುತ್ತದೆ. ಜತೆಗೆ ಇಲಿ ಜ್ವರ. ಲೆಪ್ಟೊಸ್ಪೈರಾ ಎಂಬ ಆ ಬ್ಯಾಕ್ಟೀರಿಯಾ ಇಂಗ್ಲೆಂಡಿನ ನದಿಗಳಲ್ಲೂ ಇದೆ. ಕೈಯಲ್ಲಿ ಗಾಯವಿದ್ದರೆ ಪ್ಲಾಸ್ಟರ್ ಹಾಕಿ ಕೈಗವಸು ತೊಟ್ಟು ಹಗ್ಗ ಮುಟ್ಟಿ, ಊಟಕ್ಕೆ ಮುಂಚೆ ಸೋಪು ಹಾಕಿ ತೊಳೆಯಿರಿ. ಮುಂದಿನ ವಾರಗಳಲ್ಲಿ ಜ್ವರ, ಮೈಕೈ ನೋವು ಬಂದರೆ ನದಿ ನೀರು ಮುಟ್ಟಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ದೋಣಿಯೊಳಗಿನ ಸಂಸಾರ

ಎಷ್ಟು ದಿನ ಕಾಯಬಹುದು ಎಂಬುದನ್ನು ತೀರ್ಮಾನಿಸುವುದು ಅಕ್ಕಿಬೇಳೆಯಲ್ಲ, ಕಕ್ಕಸು. ಹೇಳಲು ಮುಜುಗರ, ಆದರೂ ಸತ್ಯ. ಕ್ಯಾಸೆಟ್ ಡಬ್ಬಿಯ ಕಕ್ಕಸಾದರೆ ಸುಮಾರು 20 ಲೀಟರ್ ಹಿಡಿಯುತ್ತದೆ, ಇಬ್ಬರಿಗೆ ಎರಡು ಮೂರು ದಿನ. ಖಾಲಿ ಮಾಡುವ ಜಾಗ ನೀರಿನಾಚೆ ಇದ್ದರೆ? ಹೆಚ್ಚುವರಿ ಡಬ್ಬಿ ಎರಡಾದರೂ ಇರಲಿ. ಕುಡಿಯುವ ನೀರಿನ ಟ್ಯಾಂಕು ಕೆಲವು ನೂರು ಲೀಟರಿನದು. ಮಳೆ ಸೂಚನೆ ಬಂದ ದಿನವೇ ತುಂಬಿಸಿ; ಲಾಕ್ ಬಳಿಯ ನಲ್ಲಿ ನೆರೆಯಲ್ಲಿ ಮುಳುಗಿದರೆ ಅದನ್ನು ಶುಚಿಮಾಡುವ ತನಕ ಮುಟ್ಟಬೇಡಿ.

ಅಡುಗೆಗೆ ನಮ್ಮ ಪ್ರೆಷರ್ ಕುಕ್ಕರ್‌ಗೆ ಸಮ ಇಲ್ಲ: ಗ್ಯಾಸೂ ಉಳಿಯುತ್ತದೆ, ನೀರೂ ಉಳಿಯುತ್ತದೆ, ಕಿಟಕಿ ಗಾಜಿನ ಮೇಲೆ ಹಬೆಯೂ ಕಡಿಮೆ ಕೂರುತ್ತದೆ. ತೊಗರಿಬೇಳೆ, ಅವಲಕ್ಕಿ, ರವೆ, ಹುಣಸೆಹಣ್ಣು, ಮನೆಯ ಸಾರಿನಪುಡಿ ಇದ್ದರೆ ಹತ್ತು ದಿನ ಅಂಗಡಿ ಮುಖ ನೋಡಬೇಕಿಲ್ಲ. ಗ್ಯಾಸ್ ಸಿಲಿಂಡರ್ 13 ಕಿಲೋದ ಪ್ರೊಪೇನ್‌ನದೇ ಇರಲಿ. ಬ್ಯೂಟೇನ್ ಚಳಿಗೆ ಸೊನ್ನೆ ಡಿಗ್ರಿ ಹತ್ತಿರ ಮಂಕಾಗುತ್ತದೆ. ಕಲ್ಲಿದ್ದಲ ಒಲೆ ಉರಿಸುವಾಗ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಗುಂಡಿ ಒತ್ತಿ ನೋಡಿ. 2019ರ ಏಪ್ರಿಲ್‌ನಿಂದ ವಸತಿ ಜಾಗವಿರುವ ದೋಣಿಗಳ ಸುರಕ್ಷತಾ ತಪಾಸಣೆಯಲ್ಲಿ ಅದು ಕಡ್ಡಾಯ. ಮಳೆಯೆಂದು ಗಾಳಿಕಿಂಡಿಗೆ ಬಟ್ಟೆ ತುರುಕುವುದು ಇಂಥ ದಿನಗಳಲ್ಲೇ, ಅದನ್ನು ಮಾತ್ರ ಮಾಡಬೇಡಿ.

ಮೋಡ ಮುಸುಕಿದ ದಿನ ಸೌರಫಲಕ ಏನೂ ಕೊಡುವುದಿಲ್ಲ, ಬ್ಯಾಟರಿಗೆ ಎಂಜಿನ್ನೇ ಗತಿ. ದಿನಕ್ಕೊಮ್ಮೆ ಓಡಿಸಿ. ಟ್ರಸ್ಟಿನ ಕಾಲುವೆಯಲ್ಲಿ ನಿಂತಿದ್ದರೆ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಎಂಜಿನ್ ಹಾಕುವಂತಿಲ್ಲ. ತಳದಲ್ಲಿ ನಿಂತ ನೀರನ್ನು ಹೊರಹಾಕುವ ಬಿಲ್ಜ್ ಪಂಪ್ ತಾನಾಗಿ ಚಾಲೂ ಆಗುವ ಬಗೆಯದಾಗಿರಬೇಕು. ಅದಕ್ಕೆ ಬ್ಯಾಟರಿ ಉಳಿಸುವುದು ಟಿ.ವಿ.ಗಿಂತ ಮುಖ್ಯ.

ನಿಂತ ಜಾಗದಲ್ಲಿ 24 ಗಂಟೆ ಮಿತಿ ಎಂದು ಫಲಕ ಇದ್ದರೆ ಗಾಬರಿಯಾಗಬೇಡಿ. ಲಾಕ್ ಕೀಪರ್‌ಗೋ ಆ ಜಾಗದವರಿಗೋ ಮೊದಲೇ ಒಂದು ಮಾತು ತಿಳಿಸಿ. ಕಾಲುವೆಗಳಲ್ಲಿ ಒಂದೆಡೆ 14 ದಿನ ಎಂಬ ನಿಯಮವಿದೆ. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯೇ ಸಂದರ್ಭಕ್ಕೆ ತಕ್ಕಷ್ಟು ಹೆಚ್ಚು ದಿನ ನಿಲ್ಲಬಹುದು ಎನ್ನುತ್ತದೆ. ಕೆಂಪು ಬೋರ್ಡಿನ ಫೋಟೊ ತೆಗೆದು ತಾರೀಖಿನ ಸಮೇತ ಇಟ್ಟುಕೊಂಡರೆ ಆಮೇಲೆ ವಾದ ಉಳಿಯುವುದಿಲ್ಲ.

ಬಾಡಿಗೆ ದೋಣಿಯವರು ಮೊದಲ ದಿನವೇ ಕಂಪನಿಗೆ ಫೋನ್ ಮಾಡಿ. ದೋಣಿಯನ್ನು ಅಲ್ಲೇ ಬಿಟ್ಟು ರೈಲು ಹತ್ತಿ ಎಂದು ಅವರೇ ಹೇಳಬಹುದು. ಸೋಮವಾರ ಆಫೀಸಿದೆ ಎಂಬ ಕಾರಣಕ್ಕೆ ಭಾನುವಾರ ಸಂಜೆ ಕೆಂಪು ನೀರಿಗೆ ಇಳಿಯುವುದಕ್ಕಿಂತ, ಎರಡು ದಿನ ರಜೆ ಹೆಚ್ಚಾಗಿ ಕೇಳಿಕೊಂಡೇ ಹೊರಡುವುದು ಜಾಣತನ.

ಮತ್ತೆ ಹೊರಡುವುದು

ಬೋರ್ಡು ಇಳಿಮುಖದ ಹಳದಿಗೆ ಬದಲಾದ ಗಂಟೆಯಲ್ಲೇ ಹೊರಡಬೇಕಿಲ್ಲ. ಅನುಭವ ಕಡಿಮೆಯಿದ್ದರೆ ಬೋರ್ಡು ಪೂರ್ತಿ ತೆಗೆಯುವವರೆಗೆ ನಿಲ್ಲಿ. ನೀರಿನ ಜತೆಗೇ ಕೆಳಮುಖವಾಗಿ ಹೋಗುವಾಗ ಲೆಕ್ಕ ಹೀಗೆ: ಎಂಜಿನ್ ಗಂಟೆಗೆ 4 ಮೈಲಿ, ಸೆಳವು 3 ಮೈಲಿ ಎಂದರೆ ದಡದ ಪಕ್ಕ ನೀವು 7 ಮೈಲಿಯಲ್ಲಿ ಸಾಗುತ್ತೀರಿ. ನಿಲ್ಲಿಸಲು ಹಿಂದಕ್ಕೆ ಎಂಜಿನ್ ಕೊಟ್ಟರೂ ಆ 3 ಮೈಲಿ ನಿಮ್ಮನ್ನು ಒಯ್ಯುತ್ತಲೇ ಇರುತ್ತದೆ. ಎಂಜಿನ್ ನಿಧಾನ ಮಾಡಿದರೆ ಚುಕ್ಕಾಣಿ ಮಾತು ಕೇಳುವುದಿಲ್ಲ. ಆದ್ದರಿಂದ ಕಟ್ಟಬೇಕಾದಾಗ ಜಾಗ ದಾಟಿ ಮುಂದೆ ಹೋಗಿ, ಅಗಲವಿರುವಲ್ಲಿ ತಿರುಗಿಸಿ, ಸೆಳವಿಗೆ ಎದುರಾಗಿ ಬನ್ನಿ.

ಹೊರಡುವ ಮುನ್ನ: ಎಂಜಿನ್ ಬಂದ್ ಮಾಡಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ವೀಡ್ ಹ್ಯಾಚ್ (ಪ್ರೊಪೆಲರ್ ಮೇಲಿರುವ ಮುಚ್ಚಳದ ಕಿಂಡಿ) ತೆರೆದು ಪ್ರೊಪೆಲರ್‌ಗೆ ಸುತ್ತಿಕೊಂಡ ಕಸ ಬಿಡಿಸಿ. ಮುಚ್ಚಳವನ್ನು ಮತ್ತೆ ಬಿಗಿಯಾಗಿ ಹಾಕಿದ್ದು ಖಚಿತವೇ ಎಂದು ಎರಡು ಸಲ ನೋಡಿ. ಅದು ಸಡಿಲವಿದ್ದು ಮುಳುಗಿದ ದೋಣಿಗಳಿವೆ. ಲಂಗರು ಮೂಗಿನಲ್ಲಿ, ಸರಪಳಿ ಹಗ್ಗಗಳ ಸಮೇತ, ತುದಿ ದೋಣಿಗೆ ಕಟ್ಟಿದ ಸ್ಥಿತಿಯಲ್ಲಿ ಸಿದ್ಧವಿರಲಿ. ವಿಯರ್ ಹತ್ತಿರ ಎಂಜಿನ್ ನಿಂತರೆ ಬೇರೆ ಉಪಾಯವಿಲ್ಲ. ಪೆಟ್ಟಿಗೆಯ ತಳದಲ್ಲಿ ಬಿದ್ದಿರುವ ಲಂಗರು ಇಲ್ಲದ ಹಾಗೇ.

ಆಕ್ಸ್‌ಫರ್ಡ್‌ನಿಂದ ಹೊರಟವರಿಗೆ ಮೊದಲ ಪರೀಕ್ಷೆ ಆಸ್ನಿ ಸೇತುವೆ. ಮಾಮೂಲು ದಿನದಲ್ಲೇ ಅದರ ಕೆಳಗಿನ ಎತ್ತರ ಸುಮಾರು 2.28 ಮೀಟರ್, ಅಂದರೆ ಏಳೂವರೆ ಅಡಿ. ನೀರು ಒಂದೊಂದು ಅಡಿ ಏರಿದರೂ ಎತ್ತರ ಅಷ್ಟೇ ಕಡಿಮೆ. ಚಾವಣಿಯ ಮೇಲಿನ ಹೊಗೆಕೊಳವೆ, ಸೈಕಲ್, ತುಳಸಿ ಕುಂಡ ಎಲ್ಲ ಕೆಳಗಿಳಿಸಿ. ಮುಂದೆ ಲಾಕ್‌ಗಳ ಬಳಿ ಇಳಿದಾಣದ ಮೆಟ್ಟಿಲಿಗೆ ಮೆತ್ತಿದ ಕೆಸರು ಜಾರುತ್ತದೆ, ಹಾರಿ ಇಳಿಯಬೇಡಿ. ವಿಯರ್ ಕಡೆಯ ಸೆಳೆತ ಇನ್ನೂ ಇರುತ್ತದೆ. ಲಾಕ್ ಇರುವ ದಡಕ್ಕೆ ಬೇಗನೆ ಸರಿದು ಅದಕ್ಕೇ ಅಂಟಿಕೊಂಡು ಬನ್ನಿ. ತಿರುವಿನ ಒಳಬದಿಯಲ್ಲಿ ಹೊಸ ಮರಳುದಿಣ್ಣೆ ಬಿದ್ದಿರಬಹುದು.

ಟೆಡಿಂಗ್ಟನ್ ದಾಟಿದರೆ ಉಬ್ಬರವಿಳಿತದ ನೀರು. ಬ್ರೆಂಟ್‌ಫರ್ಡ್‌ವರೆಗೆ ಸುಮಾರು 5 ಮೈಲಿ. ಅಲ್ಲಿಂದ ಇನ್ನೂ ಕೆಳಗೆ, ಲ್ಯಾಂಬೆತ್ ದಂಡೆಯಲ್ಲಿ 2015ರಲ್ಲಿ ನಿಲ್ಲಿಸಿದ ಬಸವಣ್ಣನ ಪ್ರತಿಮೆಯಿದೆ, ನೀರಿನಿಂದಲೇ ನೋಡಿ ಬರೋಣ ಎಂದು ಕೆಲವರಿಗೆ ಆಸೆ. 13.7 ಮೀಟರಿಗಿಂತ ಉದ್ದದ ದೋಣಿಗೆ ಆ ಭಾಗದಲ್ಲಿ ವಿ.ಎಚ್.ಎಫ್. ರೇಡಿಯೋ ಕಡ್ಡಾಯ, ನೆರೆ ಇಳಿಯುತ್ತಿರುವ ವಾರದಲ್ಲಂತೂ ಆ ಆಸೆ ಬೇಡ, ಟ್ಯೂಬ್ ರೈಲಿನಲ್ಲಿ ಹೋಗಿ ನೋಡಿಬನ್ನಿ. ಮಳೆಗಾಲದ ಹರಿವು ಸೇರಿಕೊಂಡರೆ ಇಳಿತದ ವೇಗ ವೇಳಾಪಟ್ಟಿಗಿಂತ ಜೋರಾಗಿರುತ್ತದೆ, ಬ್ರೆಂಟ್‌ಫರ್ಡ್ ಬಾಯಿ ತಪ್ಪಿಸಿಕೊಂಡು ಮುಂದೆ ಹೋಗಿಬಿಡುವ ಸಂಭವ ಹೆಚ್ಚು. ಎಷ್ಟು ಹೊತ್ತಿಗೆ ಬಿಡಬೇಕೆಂದು ಟೆಡಿಂಗ್ಟನ್ ಲಾಕ್ ಕೀಪರ್ ಹೇಳುತ್ತಾರೆ, ಅವರ ಮಾತಿನಂತೆ ನಡೆಯಿರಿ. ಬ್ರೆಂಟ್‌ಫರ್ಡ್‌ನ ಥೇಮ್ಸ್ ಲಾಕ್ ತೆರೆಯುವುದು ಉಬ್ಬರದ ಹಿಂದೆ ಮುಂದೆ ಕೆಲವೇ ಗಂಟೆ, ಅದೂ ಮೊದಲೇ ಕಾಯ್ದಿರಿಸಿದವರಿಗೆ. ನೆರೆಗೆ ಮುಂಚೆ ಮಾಡಿಸಿದ್ದ ಬುಕಿಂಗ್ ತಾರೀಖು ಕಳೆದುಹೋಗಿರುತ್ತದೆ. ಟೆಡಿಂಗ್ಟನ್‌ಗೆ ಒಂದೆರಡು ದಿನ ಇರುವಾಗಲೇ ಫೋನ್ ಮಾಡಿ ಹೊಸ ಸಮಯ ಪಡೆದುಕೊಳ್ಳಿ.